ಮೂರು ಕಾಲಿನ ಹಕ್ಕಿ

ಫೆಬ್ರವರಿ 4

ಸಾಣೆಯವರಿಗೆ ನಮಸ್ಕಾರಗಳು.

ನನ್ನ ಸಂಗ್ರಹದ ನೂರ ನಲವತ್ತು ಮಡಚುಚಾಕುಗಳಲ್ಲಿ ನೂರ ಮೂವತ್ತೊಂಬತ್ತರ ಗುರುತು ಸಿಕ್ಕಿದೆ. ಯಾವ ಕಾರ್ಖಾನೆ, ಸುಮಾರು ಯಾವ ವರ್ಷ, ಹಿಡಿ ಯಾವುದರದ್ದು ಎಂಬುದೆಲ್ಲ ದಫ್ತರಿನಲ್ಲಿ ಬರೆದಾಗಿದೆ. ಅರ್ಧಕ್ಕಿಂತ ಹೆಚ್ಚಿನವನ್ನು ಗುರುತಿಸಿದವರು ತಾವೇ. ಈಗ ಉಳಿದಿರುವುದು ಅರವತ್ತಮೂರನೆಯದು ಮಾತ್ರ.

ಒಂದೇ ಅಲಗು. ಮಡಚಿದಾಗ ಮೂರೂವರೆ ಅಂಗುಲ. ಹಿಡಿ ಆಮೆಚಿಪ್ಪಿನದು. ಅಲಗಿನ ಬುಡದಲ್ಲಿ ಹಕ್ಕಿಯ ಮುದ್ರೆ ಇದೆ. ಹಕ್ಕಿ ಮಾರ್ಕಿನ ಕಾರ್ಖಾನೆಯ ಬೇರೆ ಎಲ್ಲ ಚಾಕುಗಳಲ್ಲೂ ಆ ಹಕ್ಕಿಗೆ ಎರಡು ಕಾಲು. ಇದರಲ್ಲಿ ಮಾತ್ರ ಮೂರು. ಅಚ್ಚನ್ನು ತಿದ್ದುವ ಮೊದಲು ಹೊರಬಿದ್ದ ಬೆರಳೆಣಿಕೆಯ ಚಾಕುಗಳಲ್ಲಿ ಇದೊಂದಿರಬೇಕು ಎಂಬುದು ನನ್ನ ಅಭಿಪ್ರಾಯ. ಮುದ್ರೆಯ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ತೆಗೆದ ಪ್ರತಿಯನ್ನು ಇದರೊಂದಿಗೆ ಇಟ್ಟಿದ್ದೇನೆ. ಚಾಕನ್ನು ಎಂದಿನಂತೆ ರಿಜಿಸ್ಟರ್ ಪಾರ್ಸೆಲಿನಲ್ಲಿ ಕಳಿಸಬೇಕೇ?

ದಯವಿಟ್ಟು ಏಪ್ರಿಲ್ ಒಳಗೆ ತಿಳಿಸಿದರೆ ದೊಡ್ಡ ಉಪಕಾರವಾಗುತ್ತದೆ. ಫೋನ್ ನಂಬರು ಕೆಳಗಿದೆ.

ಇಂತಿ,
ನಕ್ಷೆಗಾರ

ಫೆಬ್ರವರಿ 15

ನಕ್ಷೆಗಾರರ ಮನೆಯಿಂದ ಬರೆಯುತ್ತಿರುವವರಿಗೆ,

ನೀವು ಯಾರು?

ನಕ್ಷೆಗಾರರು ಇಪ್ಪತ್ತೆರಡು ವರ್ಷ ನನಗೆ ಕಾಗದ ಬರೆದವರು, ಈಚಿನ ಎರಡು ವರ್ಷ ಮಾತ್ರ ಸುದ್ದಿಯಿಲ್ಲ. ಒಮ್ಮೆಯೂ 'ದಯವಿಟ್ಟು' ಎಂದವರಲ್ಲ. 'ಹದಿನೆಂಟನೆಯದರ ಬಗ್ಗೆ ನೀವು ಹೇಳಿದ್ದು ತಪ್ಪು, ಕಣ್ಣು ಒರೆಸಿಕೊಂಡು ಮತ್ತೆ ನೋಡಿ.' ಇದು ಅವರು ಕುಶಲ ಕೇಳುವ ರೀತಿ. ನೀವು ಅಕ್ಷರವನ್ನು ಚೆನ್ನಾಗಿಯೇ ನಕಲು ಮಾಡಿದ್ದೀರಿ, ಆದರೆ ನಕಲಿ ಗುರುತಿಸುವುದೇ ನನ್ನ ಕಸುಬು. ಅವರು ಕಾಗದ ಹರಿಯುವ ಹಾಗೆ ಒತ್ತಿ ಬರೆಯುತ್ತಾರೆ. ನಿಮ್ಮದು ಕಾಗದಕ್ಕೆ ನೋವಾಗದ ಕೈ.

ಇನ್ನೊಂದು ಮಾತು. ಅರವತ್ತಮೂರರ ಬಗ್ಗೆ ಅವರು ನನ್ನನ್ನು ಕೇಳಿಯೇ ಇರಲಿಲ್ಲ. ಅರವತ್ತೆರಡು ಬಂತು, ಆಮೇಲೆ ಅರವತ್ತನಾಲ್ಕು ಬಂತು. ನಡುವಿನದೆಲ್ಲಿ ಎಂದು ಕೇಳಿದ್ದೆ. 'ಅದು ನನ್ನದು' ಎಂದಷ್ಟೇ ಬರೆದರು.

ಅವರಿಗೆ ಏನಾಗಿದೆ? ಕಾಗದದಲ್ಲೇ ಹೇಳಿ. ಐವತ್ತು ವರ್ಷ ಸಾಣೆಚಕ್ರದ ಪಕ್ಕ ಕೂತವನ ಕಿವಿಗೆ ಫೋನು ಎಂದರೆ ಬೆಚ್ಚಗಿನ ಒಂದು ಡಬ್ಬಿ, ಅಷ್ಟೆ.

ಸಾಣೆಯವನು

ಫೆಬ್ರವರಿ 22

ಹಿರಿಯರೆ,

ಕ್ಷಮಿಸಿ. ನಾನು ನಕ್ಷೆಗಾರರ ತಂಗಿ. ನಲವತ್ತೆಂಟು ವರ್ಷದವಳು, ಕಾಲೇಜಿನಲ್ಲಿ ಸಾಹಿತ್ಯ ಕಲಿಸುತ್ತಿದ್ದವಳು. ಹೀಗೆ ಕಳ್ಳ ಸಹಿ ಹಾಕಿ ಸಿಕ್ಕಿಬಿದ್ದದ್ದು ಇದೇ ಮೊದಲು.

ಎರಡು ವರ್ಷದ ಹಿಂದೆ ಅಣ್ಣನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಮಾತು ಮೂರೂ ಹೋದವು. ಎಡಗೈಯಲ್ಲಿ ಸ್ಲೇಟಿನ ಮೇಲೆ ಬರೆದು ತೋರಿಸುತ್ತಾನೆ. ಅವನಿಗೆ ಹೆಂಡತಿ ಮಕ್ಕಳಿಲ್ಲ. ಮೂರು ತಿಂಗಳ ರಜೆ ಹಾಕಿ ಬಂದವಳು ಇಲ್ಲೇ ಉಳಿದೆ.

ಈ ಮನೆ ಹೇಗಿದೆ ಎಂದು ಅವನು ನಿಮಗೆ ಬರೆದಿರಲಾರ. ಬೀರು ಇರುವ ಕೋಣೆಯಲ್ಲೇ ಅವನ ಮಂಚ. ತೇವ ತಗುಲಿದರೆ ಅಲಗಿಗೆ ತುಕ್ಕು ಬರುತ್ತದೆಂದು ಕಿಟಕಿಗಳ ಸಂದಿಗೆಲ್ಲ ಅಂಟುಕಾಗದ ಹಚ್ಚಿದೆ. ಎರಡು ವರ್ಷದಿಂದ ಕಿಟಕಿ ತೆರೆದಿಲ್ಲ. ಮುಂಬಾಗಿಲ ಚಿಲಕ ಬಿಗಿ. ಒಂದು ಕೈಯಲ್ಲಿ ಬಾಗಿಲನ್ನು ಎತ್ತಿಹಿಡಿದು ಇನ್ನೊಂದರಲ್ಲಿ ಎಳೆಯಬೇಕು. ಪ್ರತಿದಿನ ನಾಲ್ಕು ಗಂಟೆಗೆ ನಾನು ಬೀರು ತೆರೆದು ಎಪ್ಪತ್ತು ಚಾಕುಗಳಿಗೆ ಎಣ್ಣೆಬಟ್ಟೆ ಹಾಯಿಸಬೇಕು. ಒಂದು ದಿನ ಸರಿಸಂಖ್ಯೆ, ಮರುದಿನ ಬೆಸಸಂಖ್ಯೆ. ಒಂದೊಂದನ್ನೂ ಬಿಡಿಸಿ ಎರಡೂ ಮೈ ಅವನಿಗೆ ತೋರಿಸಬೇಕು. ಅವನು ತಲೆಯಾಡಿಸಿದ ಮೇಲೆ ಮುಂದಿನದು. ಅರವತ್ತಮೂರನ್ನು ಮಾತ್ರ ಮಖಮಲ್ಲಿನಲ್ಲಿ ಸುತ್ತಿಯೇ ಇಡುವುದು. ಅದನ್ನು ತಿಂಗಳಿಗೊಮ್ಮೆ ಬಿಚ್ಚುತ್ತೇನೆ.

ನಮ್ಮಲ್ಲಿ ಆರೈಕೆಗೆ ಬರುವ ಹೆಂಗಸು ಬಾಗಿಲಲ್ಲಿ ನಿಂತು ನೋಡುತ್ತಾಳೆ. "ಅಕ್ಕಾ, ನೂರ ನಲವತ್ತು ಚಾಕು ಇಟ್ಕೊಂಡು ಈರುಳ್ಳಿ ಹೆಚ್ಚೋಕೆ ಮೊಂಡುಗತ್ತಿ ಕೊಟ್ಟಿದ್ದೀರಲ್ಲ, ಇದಕ್ಕೇನಂತೀರಿ?" ಎನ್ನುತ್ತಾಳೆ.

ಕಾಲೇಜಿನಿಂದ ಕಾಗದ ಬಂದಿದೆ. ಜೂನ್ ಒಂದಕ್ಕೆ ಹಾಜರಾಗದಿದ್ದರೆ ನನ್ನ ಜಾಗಕ್ಕೆ ಬೇರೆಯವರನ್ನು ತೆಗೆದುಕೊಳ್ಳುತ್ತಾರೆ. ಅಣ್ಣನನ್ನು ಜೊತೆಗೆ ಕರೆದೊಯ್ಯಲು ನಾನು ಸಿದ್ಧ. ಅವನು ಬೀರು ಬಿಟ್ಟು ಬರುವುದಿಲ್ಲ. ಬೀರನ್ನು ಮ್ಯೂಸಿಯಮ್ಮಿಗೆ ಕೊಡಲು ಒಪ್ಪಿದ್ದಾನೆ, ಆದರೆ ದಫ್ತರು ಪೂರ್ತಿಯಾದ ಮೇಲೆ. ದಫ್ತರಿನಲ್ಲಿ ಖಾಲಿ ಇರುವುದು ಒಂದೇ ಸಾಲು. ನಾನು ಹೊರಗೆ ಹೋಗಬೇಕಾದ ಬಾಗಿಲು ಆ ಸಾಲಿನ ಅಗಲದ್ದು.

ನಿಮ್ಮಿಂದ ಒಂದು ಸಾಲು ಬಂದರೆ ಸಾಕು.

ನಕ್ಷೆಗಾರರ ತಂಗಿ

ಮಾರ್ಚ್ 14

ತಾಯಿ,

ನಕ್ಷೆಗಾರರ ಸುದ್ದಿ ಓದಿ ಎರಡು ದಿನ ಊಟ ಸೇರಲಿಲ್ಲ. ಜಗಳವಾಡಲು ಇದ್ದ ಒಬ್ಬ ಮನುಷ್ಯ ಅವರು.

ಚಾಕು ಕಳಿಸಬೇಡಿ. ಅಲಗನ್ನು ಮಡಚುವಾಗ ಶಬ್ದ ಹೇಗೆ ಬರುತ್ತದೆ, ಬರೆಯಿರಿ. ಹಿಡಿಯ ಮೊಳೆಗಳು ಎಷ್ಟು? ಅಣ್ಣನಿಗೆ ಹಸಿವು ಇದೆಯೇ?

ಸಾಣೆಯವನು

ಮಾರ್ಚ್ 20

ಹಿರಿಯರೆ,

ಚಾಕು ಕಳಿಸುವುದು ಬೇಡ ಎಂದಿರಿ, ದೊಡ್ಡ ಭಾರ ಇಳಿಯಿತು. ಅಣ್ಣನ ಕಣ್ಣು ತಪ್ಪಿಸಿ ಅದನ್ನು ಅಂಚೆಗೆ ಹಾಕುವುದು ಹೇಗೆಂದು ಹೆದರಿದ್ದೆ.

ಮೊಳೆಗಳು ಐದು. ಶಬ್ದದ ವಿಷಯ. ಬೇರೆ ಹಕ್ಕಿ ಮಾರ್ಕಿನವು ಮಡಚಿದಾಗ 'ಟಕ್' ಎನ್ನುತ್ತವೆ, ಆಡಿದ ಮಾತನ್ನು ಅಲ್ಲಿಗೇ ನಿಲ್ಲಿಸಿದ ಹಾಗೆ. ಅರವತ್ತಮೂರು ಮೊದಲು ಸ್ವಲ್ಪ ಹಿಂಜರಿಯುತ್ತದೆ, ಆಮೇಲೆ 'ಟಪ್' ಎಂದು ಮೆತ್ತಗೆ ಮುಚ್ಚಿಕೊಳ್ಳುತ್ತದೆ. ಒಂದು ಮನೆಯ ಬಾಗಿಲನ್ನು ಇನ್ನೊಂದು ಮನೆಯ ಚೌಕಟ್ಟಿಗೆ ಹೊಂದಿಸಿದ ಹಾಗೆ. ಪದ್ಯ ಓದುವವಳಿಂದ ಇದಕ್ಕಿಂತ ನಿಖರವಾದ ಅಳತೆ ಸಿಗಲಾರದು.

ಅಣ್ಣನಿಗೆ ಹಸಿವು ಇದೆ. ಸಿಟ್ಟೂ ಇದೆ. ನಿನ್ನೆ ಸ್ಲೇಟಿನಲ್ಲಿ ಬರೆದ: 'ಗಂಜಿಗೆ ಉಪ್ಪು ಹಾಕುವುದನ್ನು ಸಾಹಿತ್ಯದಲ್ಲಿ ಕಲಿಸುವುದಿಲ್ಲವೇ?'

ಉತ್ತರವನ್ನು ಈ ತಿಂಗಳೇ ನಿರೀಕ್ಷಿಸಲೇ?

ನಕ್ಷೆಗಾರರ ತಂಗಿ

ಏಪ್ರಿಲ್ 18

ತಾಯಿ,

ತಡವಾಯಿತು. ನನ್ನ ಕೋಣೆ ಅಂಗಡಿಯ ಮೇಲಿದೆ. ಮೆಟ್ಟಿಲು ಕಡಿದು. ಸೊಸೆ ನನ್ನ ಸಾಣೆಚಕ್ರದ ಪಟ್ಟಿ ಬಿಚ್ಚಿ ಎಲ್ಲೋ ಇಟ್ಟುಬಿಟ್ಟಿದ್ದಾಳೆ. "ಮಾವ, ನಿಮ್ಮ ಕೈ ನಡುಗುತ್ತೆ. ಬೆರಳು ಹೋದ್ರೆ ನೋಡ್ಕೊಳ್ಳೋರು ಯಾರು?" ಎಂದು ಕಿವಿಗೆ ಬಾಯಿಟ್ಟು ಕೂಗುತ್ತಾಳೆ. ಅವಳು ಹೇಳುವುದು ಸರಿ. ಕೆಳಗೆ ಮಗ ಕತ್ತರಿ ಹರಿತ ಮಾಡುವಾಗ ನೆಲ ಅದುರುತ್ತದೆ. ಅಂಗಾಲಿನಲ್ಲಿ ಕೇಳಿಸಿಕೊಳ್ಳುತ್ತೇನೆ.

ಅಣ್ಣನವರು ಆ ಚಾಕನ್ನು ಯಾವಾಗ, ಯಾರಿಂದ ಕೊಂಡರು? ನಿಮಗೆ ಗೊತ್ತಿದ್ದರೆ ಬರೆಯಿರಿ. ಅವರ ಕಾಲು ಊದಿಕೊಳ್ಳುತ್ತದೆಯೇ? ರಾತ್ರಿ ನಿದ್ದೆ ಬರುತ್ತದೆಯೇ?

ಸಾಣೆಯವನು

ಏಪ್ರಿಲ್ 25

ಹಿರಿಯರೆ,

ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಅದರಲ್ಲಿ ಅರವತ್ತಮೂರರ ಬಗ್ಗೆ ಒಂದು ಮಾತೂ ಇಲ್ಲ. ಅಣ್ಣ ನಿಮ್ಮ ತಪ್ಪು ಹಿಡಿದದ್ದಕ್ಕೆ ಹೀಗೆ ಸತಾಯಿಸುತ್ತಿದ್ದೀರಿ ಎಂದು ನನ್ನ ಮನಸ್ಸಿಗೆ ಬಂದಿದೆ. ಬಂದದ್ದನ್ನು ಬಚ್ಚಿಡುವುದಿಲ್ಲ. ಅವನ ಕಾಲಿನ ಊತ ತಿಳಿದು ನೀವೇನು ಮಾಡುತ್ತೀರಿ? ಇನ್ನು ಐದೇ ವಾರ ಉಳಿದಿದೆ.

ಕೇಳಿದ್ದಕ್ಕೆ ಉತ್ತರ ಕೊಡುತ್ತೇನೆ. ಅದು ಅವನ ಮೊದಲನೆಯ ಚಾಕು. ಅದು ಅರವತ್ತಮೂರು ಆದದ್ದು ಅವನು ಅಲಗಿನ ಉದ್ದದ ಕ್ರಮದಲ್ಲಿ ನಂಬರು ಹಾಕಿದ್ದರಿಂದ. ನಲವತ್ತು ವರ್ಷದ ಹಿಂದೆ, ನಕ್ಷೆ ಕಚೇರಿಯ ಮೊದಲ ಸಂಬಳದಲ್ಲಿ, ಪೆನ್ಸಿಲ್ ಕೆತ್ತಲು ಒಂದು ಚಾಕು ಬೇಕೆಂದು ಹಳೇ ಸಾಮಾನಿನ ಅಂಗಡಿಗೆ ಹೋಗಿದ್ದ. ಅಂಗಡಿಯವನು ಭೂತಗನ್ನಡಿ ಕೊಟ್ಟು ಹಕ್ಕಿಯ ಕಾಲು ಎಣಿಸಲು ಹೇಳಿದನಂತೆ. ಮನೆಗೆ ಬಂದವನು ನನ್ನನ್ನು ಮೊಣಕಾಲ ಮೇಲೆ ಕೂರಿಸಿಕೊಂಡು ಎಣಿಸಿದ. "ನೋಡೇ ಪುಟ್ಟಿ, ಲೋಕದಲ್ಲಿ ಇದೊಂದೇ ಹಕ್ಕಿ ಬೀಳದೆ ನಿಂತಿದೆ." ಅಂದಿನಿಂದ ಅವನು ಬೇರೇನನ್ನೂ ಸರಿಯಾಗಿ ನೋಡಲಿಲ್ಲ. ಆ ಮೂರನೆಯ ಕಾಲಿನ ಮೇಲೆ ಹನ್ನೆರಡು ಪುಟದ ಟಿಪ್ಪಣಿ ಬರೆದಿದ್ದಾನೆ. ಅವನು ಈ ಬೀರಿನ ಮುಂದೆ ಕೂತದ್ದು ಆ ಹಕ್ಕಿಯಿಂದ. ಅವನ ಹಿಂದೆ ನಾನು ಕೂತದ್ದೂ ಅದರಿಂದಲೇ.

ನಿನ್ನೆ ಅದನ್ನು ಬಿಚ್ಚಿದೆ. ಮಖಮಲ್ಲು ಅಂಟಿಕೊಂಡಿತ್ತು. ಹಿಡಿಯ ಮೇಲೆ ಸಣ್ಣ ಬಿರುಕುಗಳು ಬಂದಿವೆ, ಬೆವರಿದ ಹಾಗಿತ್ತು. ಕರ್ಪೂರದ ವಾಸನೆಯೊಳಗೆ ಏನೋ ಹುಳಿ ವಾಸನೆ. ಪಕ್ಕದ ಅರವತ್ತೆರಡು, ಅರವತ್ತನಾಲ್ಕರ ಅಲಗಿನ ಮೇಲೆ ಕಂದು ಚುಕ್ಕೆ ಎದ್ದಿವೆ. ಇಷ್ಟು ಮುಚ್ಚಿಟ್ಟರೂ ತೇವ ಎಲ್ಲಿಂದ ಬಂತು? ಇನ್ನೂ ಒಂದು ಪದರ ಬಟ್ಟೆ ಸುತ್ತಿ ಇಟ್ಟಿದ್ದೇನೆ. ಅಣ್ಣನಿಗೆ ಹೇಳಿಲ್ಲ.

ನಕ್ಷೆಗಾರರ ತಂಗಿ

ಏಪ್ರಿಲ್ 29

ತಾಯಿ,

ಇದನ್ನು ಓದುತ್ತಿರುವಾಗಲೇ ಎದ್ದು ಹೋಗಿ ಅರವತ್ತಮೂರನ್ನು ಬೀರಿನಿಂದ ಹೊರಗೆ ತೆಗೆಯಿರಿ. ಬಟ್ಟೆ ಬಿಚ್ಚಿ ಗಾಳಿಯಲ್ಲಿಡಿ. ಉಳಿದುದನ್ನು ಆಮೇಲೆ ಓದಿ.

ಅದು ತೇವವಲ್ಲ. ಆ ಹಿಡಿ ಆಮೆಚಿಪ್ಪಿನದಲ್ಲ, ಸೆಲ್ಯುಲಾಯ್ಡಿನದು. ಹಳೇ ಬಾಚಣಿಗೆ, ಹಳೇ ಸಿನಿಮಾ ರೀಲು ಮಾಡುತ್ತಿದ್ದರಲ್ಲ, ಅದೇ ವಸ್ತು. ವಯಸ್ಸಾದ ಮೇಲೆ ಅದು ಕೊಳೆಯುತ್ತದೆ. ಕೊಳೆಯುವಾಗ ಬಿಡುವ ಹಬೆ ಪಕ್ಕದ ಉಕ್ಕನ್ನೆಲ್ಲ ತಿನ್ನುತ್ತದೆ. ಬಿಗಿಯಾಗಿ ಮುಚ್ಚಿದಷ್ಟೂ ಬೇಗ ತಿನ್ನುತ್ತದೆ. ನೀವು ಸುತ್ತಿದ ಇನ್ನೊಂದು ಪದರ ಅದಕ್ಕೆ ಊಟ ಬಡಿಸಿದ ಹಾಗೆ.

ನನಗೆ ಹೇಗೆ ಗೊತ್ತು ಎಂದು ಕೇಳುತ್ತೀರಿ. ಆ ಹಿಡಿಯನ್ನು ಕೂಡಿಸಿದವನು ನಾನು.

ಆಗ ನನಗೆ ಮೂವತ್ತು ದಾಟಿತ್ತು. ಮುರಿದ ಒಂದು ಚಾಕುವಿನ ಅಲಗು, ಇನ್ನೊಂದರ ಬೆನ್ನು ಸ್ಪ್ರಿಂಗು, ಆಮೆಚಿಪ್ಪಿನ ಬಣ್ಣದ ಸೆಲ್ಯುಲಾಯ್ಡು. ಹಕ್ಕಿಯ ಅಚ್ಚನ್ನು ನಾನೇ ಕೊರೆದೆ. ಎರಡನೆಯ ಕಾಲು ಕೊರೆಯುವಾಗ ಉಳಿ ಜಾರಿತು. ಜಾರಿದ ಗೀರೇ ಮೂರನೆಯ ಕಾಲು. ಎಸೆಯಬೇಕೆಂದಿದ್ದೆ. ಹಳೇ ಸಾಮಾನಿನವನು ನೋಡಿ, "ಎಸಿಬೇಡ ಮಾರಾಯ, ಕಾಲು ಜಾಸ್ತಿ ಇದ್ರೆ ಬೆಲೆನೂ ಜಾಸ್ತಿ" ಎಂದು ನಕ್ಕು ತೆಗೆದುಕೊಂಡು ಹೋದ. ಅದೊಂದೇ. ಆಮೇಲೆ ಜೀವಮಾನವೆಲ್ಲ ಬೇರೆಯವರ ನಕಲಿ ಹಿಡಿಯುವ ಕೆಲಸವನ್ನೇ ಮಾಡಿದೆ. ಜನ ಅದನ್ನು ಪ್ರಾಮಾಣಿಕತೆ ಎಂದರು.

ನಿಮ್ಮ ಮೊದಲ ಕಾಗದದ ಪೆನ್ಸಿಲ್ ಪ್ರತಿ ನೋಡಿದ ಕ್ಷಣವೇ ನನಗೆ ತಿಳಿಯಿತು. ಹೇಳಿದರೆ ಮಂಚದ ಮೇಲಿರುವ ಮನುಷ್ಯನ ನಲವತ್ತು ವರ್ಷ ಹೋಗುತ್ತದೆ. ಹೇಳದಿದ್ದರೆ ನಿಮ್ಮ ಜೂನ್ ಒಂದು ಹೋಗುತ್ತದೆ. ಅದಕ್ಕೇ ಹಸಿವು, ಕಾಲೂತ ಎಂದು ಕೇಳುತ್ತಾ ಕೂತೆ. ಇನ್ನೊಂದನ್ನೂ ಮುಚ್ಚಿಡುವುದಿಲ್ಲ: ನನ್ನ ಮೆಟ್ಟಿಲೇರಿ ಬರುತ್ತಿದ್ದದ್ದು ನಿಮ್ಮ ಕಾಗದವೊಂದೇ. ಉತ್ತರ ಕೊಟ್ಟರೆ ಅದೂ ನಿಲ್ಲುತ್ತಿತ್ತು.

ಇದರ ಜೊತೆ ಬೇರೊಂದು ಚೀಟಿ ಇದೆ. 'ಅರವತ್ತಮೂರು: ಹಕ್ಕಿ ಮಾರ್ಕು, ಅಚ್ಚು ತಿದ್ದುವ ಮೊದಲಿನದು, ಅಸಲಿ' ಎಂದು ಬರೆದು ಸಹಿ ಹಾಕಿದ್ದೇನೆ. ಮ್ಯೂಸಿಯಮ್ಮಿನವರು ನನ್ನ ಸಹಿಯನ್ನು ಪ್ರಶ್ನಿಸುವುದಿಲ್ಲ. ಯಾವುದನ್ನು ಅಣ್ಣನಿಗೆ ಓದಿ ಹೇಳಬೇಕೋ ಅದನ್ನು ಓದಿ. ಇನ್ನೊಂದನ್ನು ಒಲೆಗೆ ಹಾಕಿ.

ಸಾಣೆಯವನು

ಮೇ 8

ಹಿರಿಯರೆ,

ಚಾಕನ್ನು ಅವತ್ತೇ ಹೊರಗೆ ತೆಗೆದು ಅಡುಗೆಮನೆಯ ಕಿಟಕಿಯಲ್ಲಿಟ್ಟೆ. ನಿಮ್ಮ ಎರಡು ಕಾಗದಗಳು ಐದು ದಿನ ನನ್ನ ಪದ್ಯದ ಪುಸ್ತಕದ ನಡುವೆ ಇದ್ದವು.

ನಾನೂ ಒಂದನ್ನು ಮುಚ್ಚಿಟ್ಟಿದ್ದೆ. ನಿಮಗೆ ಬರೆಯುತ್ತಿರುವುದು ಅಣ್ಣನಿಗೆ ಗೊತ್ತಿರಲಿಲ್ಲ. 'ಅದು ನನ್ನದು' ಎಂದು ನಿಮಗೆ ಬರೆದವನು ನನಗೂ ಅದನ್ನೇ ಬರೆದು ತೋರಿಸಿದ್ದ.

ಆರನೆಯ ದಿನ ನಾಲ್ಕು ಗಂಟೆಗೆ ಅವನ ಮುಂದೆ ಕೂತು ಚೀಟಿ ಓದಿದೆ. ಹೌದು, ಚೀಟಿಯನ್ನೇ. ನನ್ನ ಧ್ವನಿ ಪಾಠ ಹೇಳುವಾಗಿನಷ್ಟೇ ಸರಾಗವಾಗಿತ್ತು. ಅಷ್ಟು ಸುಲಭವಾಗಿ ಸುಳ್ಳು ಓದಬಲ್ಲೆ ಎಂದು ನನಗೇ ತಿಳಿದಿರಲಿಲ್ಲ. ಅವನ ಮುಖದ ಎಡಭಾಗ ಅರಳಿತು. ಕೈ ಚಾಚಿ ಚೀಟಿ ತೆಗೆದುಕೊಂಡ. ಬಹಳ ಹೊತ್ತು ನೋಡಿದ. ಆಮೇಲೆ ಸ್ಲೇಟು ಕೇಳಿದ.

'ಚಾಕು ಯಾವಾಗ ಕಳಿಸಿದೆ?'

"ಕಳಿಸಲಿಲ್ಲ ಅಣ್ಣ. ಬೇಡ ಅಂದರು."

'ಕೈಯಲ್ಲಿ ಹಿಡಿಯದೆ ಅವನು ಸಹಿ ಹಾಕೋನಲ್ಲ. ಇಪ್ಪತ್ತೆರಡು ವರ್ಷದಲ್ಲಿ ಒಂದಕ್ಕೂ ಹಾಕಿಲ್ಲ.'

ಅವನು ಸ್ಲೇಟು ಒರೆಸಿ ಬರೆದ: 'ಇನ್ನೊಂದು ಕಾಗದ ಎಲ್ಲಿ?'

ನಿಮ್ಮ ಕೈಚಳಕಕ್ಕೆ ನಲವತ್ತು ವರ್ಷ ಮೋಸಹೋದವನು ನಿಮ್ಮ ಸಹಿಗೆ ಒಂದು ನಿಮಿಷವೂ ಮೋಸಹೋಗಲಿಲ್ಲ. ಆ ಕಾಗದ ತಂದು ಪೂರ್ತಿ ಓದಿದೆ. ಉಳಿ ಜಾರಿದ ಕಡೆ ಬಂದಾಗ ಅವನ ಗಂಟಲಿನಿಂದ ಒಂದು ಶಬ್ದ ಬಂತು. ಆರೈಕೆಯ ಹೆಂಗಸು ಓಡಿಬಂದು, "ಅಯ್ಯೋ, ಅಳ್ತಿದ್ದಾರಾ, ನಗ್ತಿದ್ದಾರಾ?" ಎಂದಳು. ನನಗೂ ತಿಳಿಯಲಿಲ್ಲ.

ಮುಗಿಯಿತು, ಖಾಲಿ ಸಾಲಿನಲ್ಲಿ 'ನಕಲಿ' ಎಂದು ಬರೆದರೆ ಬೀರು ಹೋಗುತ್ತದೆ, ನಾವು ಹೊರಡುತ್ತೇವೆ ಎಂದುಕೊಂಡೆ. ಮರುದಿನ ಬೆಳಿಗ್ಗೆ ದಫ್ತರು ತರಿಸಿಕೊಂಡ. ಎಡಗೈಯಲ್ಲಿ ಪೆನ್ಸಿಲ್ ಹಿಡಿದು, ಮೊದಲ ಪುಟದಿಂದ ಕೊನೆಯ ಪುಟದವರೆಗೆ, ಪ್ರತಿಯೊಂದು ಸಾಲಿನ ಮುಂದೆಯೂ ಒಂದು ಪ್ರಶ್ನೆಚಿಹ್ನೆ ಹಾಕಿದ. ಮಧ್ಯಾಹ್ನದವರೆಗೂ ಹಾಕಿದ. ನೂರ ನಲವತ್ತು ಕೊಕ್ಕೆ. ಕೊನೆಗೆ ಸ್ಲೇಟಿನಲ್ಲಿ: 'ಒಂದರಿಂದ ಮತ್ತೆ ನೋಡಬೇಕು. ಅವನೇ ಬಂದು ನೋಡಲಿ. ಕೈಯಲ್ಲಿ ಹಿಡಿದು.'

ಮೊದಲು ಒಂದು ಸಾಲು ಖಾಲಿ ಇತ್ತು. ಈಗ ನೂರ ನಲವತ್ತು. ನನಗೆ ನಿಮ್ಮ ಮೇಲೆ ಸಿಟ್ಟಿಲ್ಲ, ಸಿಟ್ಟಿಗೂ ಸ್ವಲ್ಪ ಜಾಗ ಬೇಕಲ್ಲವೇ. ಕಾಲೇಜಿಗೆ ಬರೆಯಬೇಕಾದ ಕಾಗದವನ್ನು ಆರಂಭಿಸಿದ್ದೇನೆ. 'ವಿಷಾದದಿಂದ ತಿಳಿಸುವುದೇನೆಂದರೆ' ಎಂಬಲ್ಲಿಗೆ ನಿಂತಿದೆ.

ನಕ್ಷೆಗಾರರ ತಂಗಿ

ಮೇ 13

ತಾಯಿ,

ಆ ಕಾಗದ ಮುಗಿಸಬೇಡಿ.

ನಾನು ಬರುತ್ತೇನೆ. ಶಿಕ್ಷೆ ವಿಧಿಸಿದ ಮೇಲೆ ಅಪರಾಧಿ ಹಾಜರಾಗಬೇಕು. ಒಂದು ಚಾಕಿಗೆ ಒಂದು ದಿನ ಎಂದರೂ ನೂರ ನಲವತ್ತು ದಿನ. ನನ್ನ ಕಣ್ಣಿಗೆ ಎರಡು ದಿನ ಬೇಕಾದೀತು. ಸೊಸೆಗೆ ಹೇಳಿದೆ. "ಮಾವ, ಕಿವಿ ಕೇಳಿಸದವರು ಮಾತು ಬರದವರ ಹತ್ರ ಹೋಗಿ ಏನು ಮಾಡ್ತೀರಿ?" ಎಂದಳು. ಜಗಳ, ಎಂದೆ. ಅವಳು ನನ್ನ ಪೆಟ್ಟಿಗೆಯಲ್ಲಿ ಎರಡು ಕಂಬಳಿ ಹೆಚ್ಚು ಇಟ್ಟಳು.

ಮೇ ಮೂವತ್ತರ ರೈಲಿಗೆ ಬಂದು ಇಳಿಯುತ್ತೇನೆ. ನಿಮ್ಮ ರೈಲು ಎಷ್ಟಕ್ಕೆ?

ಸಾಣೆಯವನು

ಮೇ 30 (ಅಡುಗೆಮನೆಯ ಮೇಜಿನ ಮೇಲೆ)

ಹಿರಿಯರೆ,

ನೀವು ಸ್ನಾನಕ್ಕೆ ಹೋಗಿದ್ದೀರಿ. ಕೂಗಿದರೆ ನಿಮಗೆ ಕೇಳದು. ಎದುರು ನಿಂತು ಹೇಳಿದರೆ ನಾನು ಹೊರಡಲಾರೆ. ಅದಕ್ಕೆ ಈ ಚೀಟಿ.

ಗಂಜಿಗೆ ಉಪ್ಪು ಎರಡು ಚಿಟಿಕೆ. ಎಣ್ಣೆಬಟ್ಟೆ ಬೀರಿನ ಎಡಕ್ಕಿದೆ. ಅಣ್ಣ ನನ್ನನ್ನು ಕಳಿಸಿಕೊಡಲು ಕಣ್ಣು ಬಿಡಲಿಲ್ಲ, ನಿದ್ದೆ ಬಂದವನ ಹಾಗೆ ಮಲಗಿದ. ಸ್ಲೇಟು ಎದೆಯ ಮೇಲೆ ಖಾಲಿ ಇತ್ತು. ನಾನು ಅದರ ಮೇಲೆ ಏನೋ ಬರೆದು ಒರೆಸಿದೆ. ಬಾಗಿಲ ಚಿಲಕ ಎತ್ತಿ ಎಳೆಯಬೇಕು, ಮರೆಯಬೇಡಿ.

ತಂಗಿ

ಜೂನ್ 20

ತಾಯಿ,

ಒಂದನೆಯ ತಾರೀಖಿಗೆ ಹಾಜರಾದಿರಿ ಎಂದು ತಿಳಿದು ಸಂತೋಷ. ಅಣ್ಣನವರಿಗೆ ಓದಿ ಹೇಳಿದೆ. ಗೋಡೆ ಕಡೆ ತಿರುಗಿಕೊಂಡರು. ಆದರೆ ನಾಲ್ಕು ಗಂಟೆಗೆ ಗಾಲಿಕುರ್ಚಿಯನ್ನು ಬಾಗಿಲ ಕಡೆ ತಿರುಗಿಸಿ ಹಾಕಿಸಿಕೊಳ್ಳುತ್ತಾರೆ. ಅಂಚೆಯವನು ಬರುವ ಹೊತ್ತು ಅದೇ.

ಮೊದಲ ಮೂರು ದಿನ ನನ್ನ ಮುಖ ನೋಡಲಿಲ್ಲ. ನಾಲ್ಕನೆಯ ದಿನ ಸ್ಲೇಟಿನಲ್ಲಿ ಕೇಳಿದರು: 'ಯಾವ ಉಳಿ?' ನಾನು ಹೇಳಿದೆ. 'ಆ ಅಗಲದ ಉಳಿಯಲ್ಲಿ ಕಾಲು ಕೊರೆಯುತ್ತಾರೇನು, ದಡ್ಡ' ಎಂದು ಬರೆದರು. ಅಂದಿನಿಂದ ಪರವಾಗಿಲ್ಲ.

ಕಿಟಕಿಯ ಅಂಟುಕಾಗದ ಕಿತ್ತೆ. ಎರಡು ಹೊತ್ತು ಊಟ ಬಿಟ್ಟು ಪ್ರತಿಭಟಿಸಿದರು. ಮೂರನೆಯ ಹೊತ್ತಿಗೆ ಹಸಿವಾಯಿತು. ಅರವತ್ತಮೂರರ ಹಿಡಿ ಪುಡಿಪುಡಿಯಾಗಿ ಉದುರಿಹೋಯಿತು. ಅಲಗಿಗೆ ನಾನು ಮರದ ತುಂಡೊಂದನ್ನು ಕಟ್ಟಿಕೊಟ್ಟಿದ್ದೇನೆ. ನಿಮ್ಮ ಆರೈಕೆಯ ಹೆಂಗಸು ಅದರಲ್ಲೇ ಈರುಳ್ಳಿ ಹೆಚ್ಚುತ್ತಾಳೆ. ದಫ್ತರಿನ ಆ ಸಾಲನ್ನು ಅಣ್ಣನವರೇ ಎಡಗೈಯಲ್ಲಿ ತುಂಬಿದರು: 'ತಯಾರಿಸಿದವನು: ಸಾಣೆಯವನು. ಈಗ ಇರುವ ಜಾಗ: ಅಡುಗೆಮನೆ.'

ಇನ್ನೊಂದು ವಿಷಯ. ನೀವು ಬರೆದಿದ್ದ ಚಿಲಕ. ಒಂದು ಕೈಯಲ್ಲಿ ಬಾಗಿಲು ಎತ್ತಬೇಕು, ಇನ್ನೊಂದರಲ್ಲಿ ಎಳೆಯಬೇಕು. ಅಂದರೆ ಎರಡು ಕೈ ಬೇಕು. ನಿಮ್ಮ ಅಣ್ಣನಿಗೆ ಇರುವುದು ಒಂದು. ಇದು ನಿಮಗೆ ಹೊಳೆದಿರಲಾರದು. ಒಳಗಿರುವವರಿಗೆ ತಮ್ಮ ಕೈ ಮಾತ್ರ ಕಾಣುತ್ತದೆ. ನನಗೂ ಹಾಗೇ ಆಗಿತ್ತು. ಅರ ತಂದು ಎರಡು ದಿನ ತೇಯ್ದೆ. ಈಗ ಒಂದು ಬೆರಳಿಗೆ ಜಾರುತ್ತದೆ. ಮೊನ್ನೆ ಕುರ್ಚಿಯನ್ನು ಬಾಗಿಲವರೆಗೆ ತಳ್ಳಿಸಿಕೊಂಡು ಹೋಗಿ, ತೆರೆದರು, ಹಾಕಿದರು, ಮತ್ತೆ ತೆರೆದರು. ಹೊರಗೆ ಹೋಗಲಿಲ್ಲ. ತೆರೆದೇ ಇಟ್ಟು ಕೂತಿದ್ದರು.

ಇವತ್ತಿಗೆ ಹದಿನೇಳನೆಯ ಚಾಕು. ಅದರಲ್ಲಿ ಅನುಮಾನಕ್ಕೆ ಎಳ್ಳಷ್ಟೂ ಜಾಗವಿಲ್ಲ. ಆದರೂ ಬೆಳಕಿಗೆ ಹಿಡಿದು, ಅಲಗು ಬಿಡಿಸಲು ಉಗುರು ಸಿಕ್ಕಿಸುವ ಗೀರು ಸವರಿ, ತಲೆ ಕೆರೆದುಕೊಂಡು, "ಇದರಲ್ಲಿ ಏನೋ ಸರಿಯಿಲ್ಲ ಸಾಹೇಬರೇ, ಇನ್ನೊಂದು ದಿನ ಬೇಕು" ಎಂದೆ. ನೂರ ನಲವತ್ತು ಬೇಗ ಮುಗಿದುಬಿಟ್ಟರೆ ನಾನು ಆ ಮೆಟ್ಟಿಲು ಹತ್ತಬೇಕಲ್ಲ.

ಅಣ್ಣನವರು ನನ್ನನ್ನೇ ನೋಡಿದರು. ಸ್ಲೇಟಿನಲ್ಲಿ ದಪ್ಪಗೆ, ಒತ್ತಿ ಬರೆದರು: 'ಸುಳ್ಳ.'

ಆಮೇಲೆ, ಅದನ್ನು ಒರೆಸದೆ, ಕೆಳಗೆ ಸಣ್ಣದಾಗಿ ಬರೆದರು: 'ನಾಳೆ ಮತ್ತೆ ನೋಡು.'

ಸಾಣೆಯವನು